ಹಿಂದಿನ ಚಕ್ರವೂ ಟೀ ಜಾಲರಿಯೂ

ಆ ಭಾನುವಾರ ಬೆಳಿಗ್ಗೆ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ನನ್ನ ಸೈಕಲ್ಲಿನ ಪಂಚರಾದ ಟ್ಯೂಬನ್ನು ನಾನೇ ಬದಲಾಯಿಸುತ್ತೇನೆ! ಗಂಡನೂ ಬೇಡ, ಮೂಲೆಯಂಗಡಿಯ ರಿಪೇರಿಯವನೂ ಬೇಡ!

ನಮ್ಮ ಮನೆಯಲ್ಲಿ ರಿಪೇರಿ ಎಂಬುದು ನನ್ನ ಗಂಡನ ಖಾತೆ. ಅವರು ವರ್ಷಕ್ಕೊಮ್ಮೆ ಒಂದು ನಲ್ಲಿ ಬಿಗಿ ಮಾಡುತ್ತಾರೆ. ಉಳಿದ ಹನ್ನೊಂದು ತಿಂಗಳು ನಾವು ಆ ನಲ್ಲಿಯ ಕಥೆ ಕೇಳುತ್ತೇವೆ. ಬಿಗಿ ಮಾಡುವಾಗ ಟಾರ್ಚು ಹಿಡಿದವರು, ಬಟ್ಟೆ ತಂದುಕೊಟ್ಟವರು, ಕೊನೆಗೆ ನೆಲ ಒರೆಸಿದವರು ಆ ಕಥೆಯಲ್ಲಿ ಬರುವುದೇ ಇಲ್ಲ. ನಲ್ಲಿಯೂ ಅವರೂ ಇಬ್ಬರೇ ಕಾದಾಡಿದಂತೆ ಇರುತ್ತದೆ ವರ್ಣನೆ! ಈ ಅನ್ಯಾಯದ ಬಗ್ಗೆ ನಾನು ಹನ್ನೊಂದು ವರ್ಷಗಳಿಂದ ಭಾಷಣ ಮಾಡುತ್ತ ಬಂದಿದ್ದೇನೆ.

"ಅದು ಹಿಂದಿನ ಚಕ್ರ ಕಣೇ, ಚೈನಿನ ಕಾಟ ಬೇರೆ. ನಿನ್ನ ಕೈಲಾಗಲ್ಲ ಬಿಡು," ಎಂದರು ಇವರು, ಪೇಪರಿನ ಮರೆಯಿಂದ.

"ದಿನಾ ಲ್ಯಾಬಲ್ಲಿ ನಲವತ್ತು ಜನರ ನರ ಹುಡುಕಿ ರಕ್ತ ತೆಗೆಯೋ ಕೈ ರೀ ಇದು! ಒಂದು ರಬ್ಬರ್ ಟ್ಯೂಬಿಗೆ ಹೆದರುತ್ತಾ?"

"ಹಾಗಾದ್ರೆ ಪಂದ್ಯ. ಸಂಜೆ ಐದರೊಳಗೆ, ಯಾರ ಸಹಾಯವೂ ಇಲ್ಲದೆ ಮಾಡ್ಬೇಕು."

"ಮಾಡಿದ್ರೆ ಇನ್ಮೇಲೆ ಪ್ರತಿ ಭಾನುವಾರ ಅಡುಗೆಮನೆ ನಿಮ್ಮದು!"

"ಸೋತ್ರೆ?"

"ಸೋತ್ರೆ ನಿಮ್ಮ ರಿಪೇರಿ ಬಗ್ಗೆ ಈ ಜನ್ಮದಲ್ಲಿ ಬಾಯಿ ಬಿಡಲ್ಲ."

ಇವರ ಮುಖ ಮೊರದಗಲವಾಯಿತು. ಅಷ್ಟು ದೊಡ್ಡ ಬಹುಮಾನವನ್ನು ಅವರು ಕನಸಿನಲ್ಲೂ ನಿರೀಕ್ಷಿಸಿರಲಿಲ್ಲ!

ವರಾಂಡದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಸ್ಪ್ಯಾನರ್ ಹಿಡಿದು, ಇವರು ರಿಪೇರಿಗೆ ಕೂರುವ ಸ್ಟೂಲಿನ ಮೇಲೆಯೇ ಕೂತೆ. ಆ ಸ್ಟೂಲಿನಲ್ಲಿ ಏನೋ ಇರಬೇಕು! ಕೂತ ಹತ್ತೇ ನಿಮಿಷದಲ್ಲಿ ನನ್ನ ದನಿಯೇ ಬದಲಾಯಿತು.

"ಅತ್ತೇ, ಒಂದು ಹಳೇ ಬಟ್ಟೆ!" ಬಂತು.

"ಅತ್ತೇ, ಗಟ್ಟಿ ಚಮಚ ಎರಡು!" ಬಂದವು.

ಕೊಡುತ್ತಿದ್ದವರ ಮುಖವನ್ನೂ ನೋಡದೆ ಸುಮ್ಮನೆ ಕೈ ಚಾಚುತ್ತಿದ್ದೆ. ಬಿಚ್ಚಿದ ನಟ್ಟುಗಳು ಉರುಳಿಹೋಗದ ಹಾಗೆ ಹಾಕಿಡಲು ಏನಾದರೂ ಬೇಕಾಯಿತು. ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದೆ.

"ಅಯ್ಯೋ, ಅದು ಟೀ ಸೋಸೋ ಜಾಲರಿ ಕಣಮ್ಮ!"

"ಆಮೇಲೆ ತೊಳೆದು ಎತ್ತಿಡ್ತೀನಿ ಅತ್ತೆ. ಕೆಲಸದ ಮಧ್ಯೆ ಮಾತಾಡಿಸಬೇಡಿ!"

ಚೈನು ಕಳಚಿದೆ. ಚೈನಿನ ಕಪ್ಪು ನನ್ನ ಕೈಗೆ ಬಂತು, ಕೈಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ. ಚಮಚದ ಹಿಡಿಯನ್ನು ಟೈರಿನ ಅಂಚಿಗೆ ತೂರಿಸಿ ಮೀಟಿದೆ. ಟೈರು ಮೇಲೆದ್ದಿತು, ಚಮಚಗಳು ಬಾಗಿ ನಮಸ್ಕರಿಸಿದವು. ಹಳೆಯ ಟ್ಯೂಬು ಹೊರಗೆ, ಹೊಸದು ಒಳಗೆ! ಅವೇ ಚಮಚಗಳಿಂದ ಟೈರನ್ನು ರಿಮ್ಮಿನೊಳಕ್ಕೆ ಒತ್ತಿ ಕೂರಿಸಿ, ಐವತ್ತು ಸಲ ಪಂಪು ಹೊಡೆದೆ. ನಾನು ಉಬ್ಬಿದೆ, ಟ್ಯೂಬು ಉಬ್ಬಲಿಲ್ಲ.

"ಚಮಚದಲ್ಲಿ ಟ್ಯೂಬನ್ನೇ ಕಚ್ಚಿಸಿದ್ದೀಯ. ಕೈಯಲ್ಲಿ ತಳ್ಳಿ ಕೂರಿಸಬೇಕಿತ್ತು," ಎಂದಿತು ಪೇಪರು.

"ಸಹಾಯ ಇರಬಾರದು ಅಂದಿದ್ದು ನೀವೇ ಅಲ್ವಾ!"

"ಸಹಾಯ ಅಲ್ಲ ಕಣೇ, ವಿಮರ್ಶೆ."

ಬೇಸಿನ್ನಿನಲ್ಲಿ ನೀರು ಬಂತು. ಟ್ಯೂಬು ಮುಳುಗಿಸಿದರೆ ಪಕ್ಕಪಕ್ಕದಲ್ಲೇ ಎರಡು ತೂತುಗಳಿಂದ ಬುಳುಬುಳು! ಉಜ್ಜಿ, ಅಂಟು ಹಚ್ಚಿ, ಪ್ಯಾಚು ಒತ್ತಿದೆ. ಈ ಸಲ ಬರಿಗೈಯಲ್ಲೇ ತಳ್ಳಿ ಕೂರಿಸಿದೆ. ಎರಡು ಉಗುರುಗಳು ಹುತಾತ್ಮರಾದವು. ಗಾಳಿ ಹಾಕಿದೆ. ನಿಂತಿತು! ಇಲ್ಲದ ಮೀಸೆ ತಿರುವಿಕೊಂಡು, "ಅತ್ತೇ, ಒಂದು ಟೀ!" ಎಂದೆ. ಅರ್ಧ ಲೋಟ ಮುಗಿಯುವುದರೊಳಗೆ ಚಕ್ರ "ಉಸ್ಸ್..." ಎಂದು ನಿಟ್ಟುಸಿರುಬಿಟ್ಟಿತು.

ಮತ್ತೆ ಬಿಚ್ಚಿದೆ, ಮತ್ತೆ ಬೇಸಿನ್ನು. ಈ ಸಲ ಬೇರೆ ಕಡೆ ಒಂದು ಸೂಜಿಯಷ್ಟು ತೂತು. ಪ್ಯಾಚು ಹಾಕಿ ಕೂರಿಸಿ ಗಾಳಿ ಹಾಕಿದೆ. ಎರಡನೇ ಟೀ ಬಂತು. "ಉಸ್ಸ್..." ಬಿಚ್ಚಿ ನೋಡಿದರೆ ಆ ಪ್ಯಾಚಿನ ಪಕ್ಕದಲ್ಲೇ ಇನ್ನೊಂದು ತೂತು!

"ಈಗಿನ ಟ್ಯೂಬುಗಳೇ ಸರಿಯಿಲ್ಲ!" ಎಂದು ಗುಡುಗಿದೆ. ಗುಡುಗಿದ ಮೇಲೆ ಈ ಮಾತು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಹೌದು, "ಈಗಿನ ನಲ್ಲಿಗಳೇ ಸರಿಯಿಲ್ಲ" ಎಂದು ಇವರು ವರ್ಷಕ್ಕೊಮ್ಮೆ ಹೇಳುತ್ತಾರೆ. ಆದರೆ ಆ ಹೊತ್ತಿನಲ್ಲಿ ಅಂಥ ಆತ್ಮಪರೀಕ್ಷೆಗೆಲ್ಲ ನನಗೆ ಪುರುಸೊತ್ತಿರಲಿಲ್ಲ. ಆಗಲೇ ನಾಲ್ಕೂವರೆ! ಸಿಟ್ಟಿಗೆ ಟೈರನ್ನೇ ಪೂರ್ತಿ ಕಿತ್ತು ಮೂಲೆಗೆ ಒಗೆದೆ. ಪೇಪರಿನ ಹಿಂದಿನಿಂದ ಒಂದು ಸಿಳ್ಳೆ ಕೇಳಿಸಿತು. ಇವರು ಸಿಳ್ಳೆ ಹಾಕುವುದು ಗೆಲ್ಲುವಾಗ ಮಾತ್ರ.

ಮೂಲೆ ಆಗಷ್ಟೇ ಅತ್ತೆ ಒರೆಸಿದ ಮೂಲೆ. ಅವರು ಮತ್ತೆ ಬಗ್ಗಿದರು. ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಇನ್ನೊಮ್ಮೆ ನೆಲ ಕೆಡದಿರಲಿ ಎಂದು ಟೈರನ್ನೂ ಒರೆಸತೊಡಗಿದರು. ಹೊರಗೆ ಒರೆಸಿದರು, ಒಳಗೆ ಒರೆಸಿದರು. ಕೈ ಥಟ್ಟನೆ ನಿಂತಿತು.

"ಬಟ್ಟೆ ಸಿಕ್ಕಿಕೊಳ್ತಿದೆಯಲ್ಲ ಇಲ್ಲಿ?"

ಬೆರಳಾಡಿಸಿ, ಉಗುರಿನಲ್ಲಿ ಮೀಟಿ, ಕೂದಲೆಳೆಯಷ್ಟು ಸಣ್ಣ ತಂತಿಯ ಚೂರೊಂದನ್ನು ಎಳೆದು ನನ್ನ ಅಂಗೈಗೆ ಹಾಕಿದರು. ಹಳೆಯ ಟ್ಯೂಬನ್ನು ತೂತು ಮಾಡಿದ್ದೂ ಇದೇ, ಹೊಸದನ್ನು ಚುಚ್ಚುತ್ತಿದ್ದದ್ದೂ ಇದೇ! ದಿನಕ್ಕೆ ನಲವತ್ತು ನರ ಹುಡುಕುವ ನಾನು ಟೈರಿನೊಳಗೆ ಒಮ್ಮೆಯೂ ಬೆರಳಾಡಿಸಿರಲಿಲ್ಲ.

ಆಮೇಲಿನದು ಹದಿನೈದೇ ನಿಮಿಷದ ಕೆಲಸ. ಕೊನೆಯ ಪ್ಯಾಚು ಬಿತ್ತು, ಗಾಳಿ ನಿಂತಿತು, ಚಕ್ರ ಕೂತಿತು, ಚೈನು ಏರಿತು. ಐದಕ್ಕೆ ನಾಲ್ಕು ನಿಮಿಷ!

"ಗೆದ್ದೆ!" ಎಂದು ಕಿರುಚಿದೆ.

ಇವರು ಪೇಪರು ಮಡಿಸಿದರು. "ಯಾರ ಸಹಾಯವೂ ಇಲ್ಲದೆ ಅಂತ ಮಾತಾಗಿತ್ತು."

"ಯಾರ್ರೀ ಸಹಾಯ ಮಾಡಿದ್ದು? ನೀವು ಕುರ್ಚಿ ಬಿಟ್ಟು ಎದ್ದಿದ್ದೀರಾ?"

ಇವರು ಕ್ಷಣ ಯೋಚಿಸಿದರು. ನಂತರ ಬಹಳ ಪ್ರಾಮಾಣಿಕವಾಗಿ, "ಅದೂ ನಿಜವೇ. ಯಾರೂ ಮಾಡ್ಲಿಲ್ಲ," ಎಂದರು.

ನಮ್ಮಿಬ್ಬರ ನಡುವೆ ಕೂತಿದ್ದ ಅತ್ತೆ ಬಕೆಟ್ಟಿಗೆ ಬಟ್ಟೆ ಹಿಂಡಿದರು. ತುಸು ಜೋರಾಗಿಯೇ ಹಿಂಡಿದರು.

"ಬೇಸಿನ್ನಿಗೆ ನೀರು ಮೂರು ಸಲ, ಟೀ ಎರಡು ಸಲ, ನೆಲ ನಾಲ್ಕು ಸಲ. ಆ ತಂತಿ ಒಂದು. ಇದನ್ನೆಲ್ಲ ದೆವ್ವ ಬಂದು ಮಾಡಿ ಹೋಯ್ತಾ?"

ನಾನು ಸ್ಟೂಲಿನಿಂದ ಎದ್ದು ನಿಂತೆ.

"ಅಮ್ಮಾ, ನಾವು ಅಂದಿದ್ದು..." ಎಂದು ಇವರು ಶುರುಮಾಡಿದರು.

"ಸುಮ್ನಿರೋ ನೀನು! ಪಂದ್ಯ ಗೆದ್ದೋಳು ನಾನು. ಇನ್ಮೇಲೆ ಭಾನುವಾರ ನನಗೆ ರಜ. ಅಡುಗೆಮನೇಲಿ ಇಬ್ರೂ ನೀವೇ!" ನನ್ನ ಕಡೆ ತಿರುಗಿ, ಅಕ್ಕರೆಯಿಂದಲೇ ಅಂದರು: "ರಿಪೇರಿ ಮಾಡೋ ಗಂಡಸು ಈ ಮನೇಲಿ ಒಬ್ಬನೇ ಅಂದ್ಕೊಂಡಿದ್ದೆ. ಇವತ್ತಿಂದ ಇಬ್ರು ನೋಡಮ್ಮ!"

ಹನ್ನೊಂದು ವರ್ಷದ ನನ್ನ ಭಾಷಣಗಳ ಗಾಳಿಯೆಲ್ಲ ಒಂದೇ ಚುಚ್ಚಿಗೆ ಹೋಯಿತು. ಅದಕ್ಕೆ ಪ್ಯಾಚೂ ಸಿಗಲಿಲ್ಲ.

ಸೋಮವಾರದಿಂದ ಶನಿವಾರದವರೆಗೆ ಅದೇ ಸೈಕಲ್ಲಿನಲ್ಲಿ ಲ್ಯಾಬಿಗೆ ಹೋಗಿ ಬಂದೆ. ಹಿಂದೆ ಏನೋ ಲೊಡಲೊಡ ಎನ್ನುತ್ತಿತ್ತು. "ಹೊಸ ಟ್ಯೂಬು, ನಾನೇ ಹಾಕಿದ್ದು. ಹೊಸದರಲ್ಲಿ ಸ್ವಲ್ಪ ಸದ್ದು ಮಾಡುತ್ತೆ," ಎಂದು ಕೇಳಿದವರಿಗೆಲ್ಲ ತಿಳಿವಳಿಕೆ ಕೊಟ್ಟೆ.

ಮತ್ತೆ ಭಾನುವಾರ ಬಂತು. ಪೇಪರಿನ ಕುರ್ಚಿಯಲ್ಲಿ ಈಗ ಅತ್ತೆ. ಅಡುಗೆಮನೆಯಲ್ಲಿ ನಾನೂ ಇವರೂ. ಟೀ ಕುದಿದು ಉಕ್ಕಿ ಒಲೆಗೆಲ್ಲ ಅಭಿಷೇಕವಾಯಿತು. ಸೋಸೋಣವೆಂದರೆ ಜಾಲರಿಯಿಲ್ಲ! ಇವರು ಡಬ್ಬಿಗಳನ್ನೆಲ್ಲ ಉರುಳಿಸಿದರು, ನಾನು ತಟ್ಟೆಗಳನ್ನೆಲ್ಲ ಸರಿಸಿದೆ.

"ಅತ್ತೇ, ಟೀ ಜಾಲರಿ ಎಲ್ಲಿ?"

"ನೀನು ಇಟ್ಟಲ್ಲೇ ಇದೆ."

ವರಾಂಡಕ್ಕೆ ಓಡಿದೆ. ಸೈಕಲ್ಲಿನ ಹಿಂದೆ, ಸ್ಟೂಲಿನ ಕೆಳಗೆ, ಕಪ್ಪು ಬಳಿದುಕೊಂಡು ಕೂತಿತ್ತು ಜಾಲರಿ. ಅದರೊಳಗೆ ನನ್ನ ಮಡ್‌ಗಾರ್ಡಿನ ನಟ್ಟು!

"ಹಾಗಾದ್ರೆ... ವಾರವೆಲ್ಲ ಟೀ ಹೇಗೆ ಸೋಸಿದ್ರಿ ಅತ್ತೆ?"

"ಬಟ್ಟೇಲಿ. ಇಬ್ಬರೂ ದಿನಾ ಎರಡು ಹೊತ್ತು ಕುಡಿದ್ರಿ. ಯಾರಿಗಾದ್ರೂ ಗೊತ್ತಾಯ್ತಾ?"

"ಒಂದು ಮಾತು ಹೇಳಬಾರದಿತ್ತಾ?"

"ಆಮೇಲೆ ಎತ್ತಿಡ್ತೀನಿ ಅಂದಿದ್ದೆ. ನಿನ್ನ 'ಆಮೇಲೆ' ಯಾವತ್ತು ಬರುತ್ತೆ ಅಂತ ಕಾಯ್ತಿದ್ದೆ ಕಣಮ್ಮ," ಎಂದು ಅತ್ತೆ ಪೇಪರಿನ ಹಾಳೆ ಮಗುಚಿದರು. ಆಮೇಲೆ ನನ್ನ ಮುಖವನ್ನೂ ನೋಡದೆ, ಸುಮ್ಮನೆ ಕೈ ಚಾಚಿದರು:

"ಟೀ!"