ಅತ್ತೆಯ ಹೋಟೆಲಿಗೆ ಮಾವನ ಆಕ್ಷೇಪಣೆ

ಸ್ವಂತ ಹೆಂಡತಿಯ ಅರ್ಜಿಗೆ, ಅದೂ ತಾನೇ ಬರೆದುಕೊಟ್ಟ ಅರ್ಜಿಗೆ, ತಾನೇ ಆಕ್ಷೇಪಣೆ ಎತ್ತಿ ವಾಪಸ್ ತಂದ ಗಂಡನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ. ನೋಡಬೇಕೆಂದರೆ ಚಿಂತಾಮಣಿಗೆ ಬನ್ನಿ. ಬರುವಾಗ ಪಾಸ್‌ಪೋರ್ಟ್ ಸೈಜಿನ ಎರಡು ಫೋಟೊ ಇಟ್ಟುಕೊಂಡಿರಿ, ಮಾತಾಡಿಸಲು ಬೇಕಾಗಬಹುದು!

ಮಾವ ಮೂವತ್ತು ವರ್ಷ ಅಂಗಡಿ, ಹೋಟೆಲುಗಳಿಗೆ ಲೈಸೆನ್ಸ್ ಕೊಡುವ ಗುಮಾಸ್ತರಾಗಿದ್ದು ನಿವೃತ್ತರಾದವರು. ‘ಕೊಡುವ’ ಎಂದದ್ದು ನನ್ನ ದಾಕ್ಷಿಣ್ಯ. ಒಂದು ಪೈಸೆ ಲಂಚ ಮುಟ್ಟಿದವರಲ್ಲ, ಒಂದು ಫೈಲನ್ನು ಸಲೀಸಾಗಿ ಬಿಟ್ಟವರೂ ಅಲ್ಲ. ಹೋದ ವರ್ಷ ಅತ್ತೆ ಮುದ್ದೆ ಹೋಟೆಲ್ ಇಡುತ್ತೇನೆಂದು ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಿಡಿದು, ಪಾತ್ರೆಪಗಡ ತಂದು, ಲೈಸೆನ್ಸಿನ ಕೆಲಸವನ್ನು ಮಾವನಿಗೆ ವಹಿಸಿದರು. ಮನೆಯಲ್ಲೇ ವೈದ್ಯರಿರುವಾಗ ಮದ್ದಿಗೆ ಅಲೆಯುವುದೇಕೆ ಎಂದು ನಾವೂ ತಲೆಯಾಡಿಸಿದೆವು.

ಮಾವನ ಹಳೆಯ ಕುರ್ಚಿಯಲ್ಲಿ ಈಗ ಕೂತಿರುವ ಗುಮಾಸ್ತರು ಅವರ ಕೈಕೆಳಗೇ ಕೆಲಸ ಕಲಿತವರು. ಅರ್ಜಿ ಹಿಡಿದು ನಾನೂ ಮಾವನೂ ಹೋದ ಕೂಡಲೇ ಎದ್ದು ನಿಂತು, ‘ಸಾರ್, ಇಷ್ಟಕ್ಕೆ ನೀವ್ಯಾಕೆ ಬರೋಕೋದ್ರಿ? ಆನ್‌ಲೈನಲ್ಲಿ ಹಾಕಿದ್ರೆ ಆಗ್ತಿತ್ತು’ ಎಂದು ಸೀಲು ಎತ್ತಿದರು. ಮಾವ ಕೈ ಅಡ್ಡ ಹಿಡಿದರು.

‘ಬಾಡಿಗೆ ಕರಾರಿನ ಮೂರನೇ ಪುಟ ನೋಡಿದ್ಯಾ?’

‘ನೋಡ್ದೆ ಸಾರ್.’

‘ಸಾಕ್ಷಿ ಸಹಿ ಇಲ್ಲ. ಅದೆಂಗಪ್ಪ ಸೀಲು ಹೊಡೀತೀಯ?’

‘ನಿಮ್ಮ ಮನೇದೇ ಅಲ್ವಾ ಅಂತ...’

‘ಅದಕ್ಕೇ ಹೇಳ್ತಿರೋದು.’

ಅವರ ಪೆನ್ನನ್ನೇ ಇಸಿದುಕೊಂಡು ಅರ್ಜಿಯ ಅಂಚಿನಲ್ಲಿ ‘ಹಿಂದಿರುಗಿಸಲಾಗಿದೆ’ ಎಂದು ದುಂಡಗೆ ಬರೆದರು. ಆಮೇಲೆ ಅದನ್ನು ತಾವೇ ಸ್ವೀಕರಿಸಿ ಮನೆಗೆ ತಂದರು.

ಮುಂದಿನದು ಅಡುಗೆಮನೆಯ ನಕ್ಷೆ. ಹೊಗೆ ಹೋಗುವ ಕಿಟಕಿ ನಕ್ಷೆಯಲ್ಲಿ ಎರಡಡಿ, ಗೋಡೆಯಲ್ಲಿ ಒಂದಂಗುಲ ಕಮ್ಮಿ. ಮಾವ ಟೇಪು ಹಿಡಿದು ಅಳೆದು, ಮೇಸ್ತ್ರಿಯನ್ನು ಕರೆಸಿ ಗೋಡೆ ಒಡೆಸಿದರು.

‘ನಕ್ಷೆ ತಿದ್ದಿದ್ರೆ ಆಗ್ತಿತ್ತಲ್ಲ ಮಾವ?’ ಎಂದೆ.

‘ನಕ್ಷೆ ಸರ್ಕಾರಕ್ಕೆ ಹೋಗೋದು ಕಣೋ. ಗೋಡೆ ನಮ್ದು.’

ಗೋಡೆ ಅಂಗಡಿ ಮಾಲೀಕರದು. ಅವರು ಆ ಸಂಜೆಯೇ ಬಂದು ನೋಡಿ, ಈ ತಿಂಗಳೊಳಗೆ ಹೋಟೆಲ್ ಶುರುವಾಗದಿದ್ದರೆ ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಕೊಟ್ಟುಬಿಡುತ್ತೇನೆಂದು ಹೇಳಿ ಹೋದರು. ಅತ್ತೆ ಒಮ್ಮೆಯೂ ಒಲೆಯ ಮೇಲಿಡದ ಪಾತ್ರೆಗಳನ್ನು ಸುಮ್ಮನೆ ಮತ್ತೊಮ್ಮೆ ತೊಳೆದಿಟ್ಟರು.

ಮಾವನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಅಡುಗೆ ಮಾಡುವವರು ಆರೋಗ್ಯವಾಗಿದ್ದಾರೆಂದು ಡಾಕ್ಟರ ಸರ್ಟಿಫಿಕೇಟ್ ಬೇಕು ಎಂದು ಅತ್ತೆಯನ್ನು ಹೊರಡಿಸಿದರು.

‘ಮೂವತ್ತೈದು ವರ್ಷ ನಿಮಗೆ ಬೇಯಿಸಿ ಹಾಕಿದ್ನಲ್ಲ, ಆಗ ಸರ್ಟಿಫಿಕೇಟ್ ಬೇಕಿರ್ಲಿಲ್ವಾ?’

‘ಆಗ ಸಾರ್ವಜನಿಕರಿಗೆ ಬಡಿಸ್ತಿರ್ಲಿಲ್ಲ ಕಣೇ.’

‘ಅಂದ್ರೆ ನಿಮಗೇನಾದ್ರೂ ಪರವಾಗಿಲ್ಲ ಅಂತಲಾ ಕಾನೂನು?’

ಮಾವ ಗಂಭೀರವಾಗಿ ಯೋಚಿಸಿ, ಹಾಗೇ ಕಾಣುತ್ತದೆ ಎಂದರು.

ಸರ್ಟಿಫಿಕೇಟೂ ಬಂತು. ಡಾಕ್ಟರ ಸೀಲು ಮಸುಕಾಗಿದೆಯೆಂದು ಅದನ್ನು ಪಕ್ಕಕ್ಕಿಟ್ಟು ಮಾವ ಶಿಡ್ಲಘಟ್ಟಕ್ಕೆ ಯಾರದೋ ಮದುವೆಗೆ ಹೋದರು. ತಿಂಗಳು ಮುಗಿಯಲು ಎರಡೇ ದಿನ! ಅತ್ತೆ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಸ್ಕೂಟರ್ ಹತ್ತಿದರು. ಕಚೇರಿಯಲ್ಲಿ ಗುಮಾಸ್ತರ ಮುಂದೆ ಅದನ್ನು ಇಟ್ಟು, ತವರಿನ ತೆಲುಗಿನಲ್ಲೇ ‘ಇಂಕಾ ಏಮಿ ಕಾವಾಲಪ್ಪಾ?’ ಎಂದರು.

‘ಇನ್ನೇನೂ ಬೇಡಮ್ಮ. ಮೊದಲ್ನೇ ದಿನಾನೇ ಎಲ್ಲ ಸರಿಯಿತ್ತು. ಆ ಸಾಕ್ಷಿ ಸಹೀನೂ ಬೇಕಿರ್ಲಿಲ್ಲ. ಸಾರ್ ಎದುರಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ,’ ಎಂದು ಅವರು ಸೀಲು ಒತ್ತಿದರು. ನನಗೆ ತರಿಸಿದ್ದ ಟೀ ಇನ್ನೂ ಆರಿರಲಿಲ್ಲ.

ಮದುವೆಯಿಂದ ಬಂದ ಮಾವನಿಗೆ ನಡೆದದ್ದೆಲ್ಲ ಹೇಳಿದೆವು. ಲೈಸೆನ್ಸನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ತಪ್ಪು ಸಿಗಲಿಲ್ಲ.

ತಿಂಗಳ ಕೊನೆಯ ದಿನ ಹೋಟೆಲ್ ಶುರುವಾಯಿತು. ಟೊಮೆಟೊ ಮಂಡಿಯ ಜನ ಬಂದು ಕೂತು, ‘ಅಮ್ಮಾ, ಇನ್ನೊಂದು ಮುದ್ದೆ’ ಎನ್ನುತ್ತ ಬಸ್ಸಾರಿನ ಪಾತ್ರೆ ಬರಿದು ಮಾಡುತ್ತಿದ್ದರು. ಅತ್ತೆಯ ಮುಖದಲ್ಲಿ ಅಂಥ ಕಳೆ ನಾನು ಹಿಂದೆಂದೂ ಕಂಡಿರಲಿಲ್ಲ. ಮಾವ ಮೂಲೆಯಲ್ಲಿ ಕೂತು ಅವರನ್ನೇ ನೋಡುತ್ತಿದ್ದರು. ಅತ್ತೆ ತಟ್ಟೆ ತಂದಿಟ್ಟಾಗ ತಲೆ ತಗ್ಗಿಸಿದರು.

‘ಮದುವೆಯಾದ ಹೊಸದರಲ್ಲೇ ಕೇಳಿದ್ದೆ ನೀನು, ಒಂದು ಹೋಟೆಲ್ ಇಡ್ತೀನಿ ಅಂತ. ನೋಡಣ ಅಂದಿದ್ದೆ ನಾನು.’

‘ಹ್ಞೂಂ.’

‘ಆ ಅರ್ಜೀಲೂ ಏನೂ ತಪ್ಪಿರ್ಲಿಲ್ಲ ಕಣೇ.’

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಸೌಟು ಸಾರು ಬಡಿಸಿದರು.

‘ಮುದ್ದೆ ಆರೋಗುತ್ತೆ, ತಿನ್ನಿ.’