ಭಾವನವರ ಕಾಲಿನ ತಾಳ

ನಮ್ಮ ಭಾವನವರಷ್ಟು ಬಿರುಸಾಗಿ ಸೈಕಲ್ ತುಳಿದು, ಅಷ್ಟೇ ನಿಧಾನವಾಗಿ ಊರು ಸೇರುವ ಮನುಷ್ಯ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳಲ್ಲಿ ಇನ್ನೊಬ್ಬರಿಲ್ಲ. ಉತ್ಪ್ರೇಕ್ಷೆ ಎನ್ನುವಿರಾ? ಸವಡಿಯ ರಸ್ತೆಯಲ್ಲಿ ಎಮ್ಮೆಯೊಂದು ಅವರನ್ನು ಹಿಂದೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಮ್ಮೆಗೆ ಅವಸರವೇನೂ ಇರಲಿಲ್ಲ!

ಭಾವನವರು ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವವರು. ಪಕ್ಕದ ಮಗ್ಗ ನನ್ನ ಅಕ್ಕನದು. ಕಳೆದ ವರ್ಷ ಅವಳಿಗೆ ಲಕ್ವಾ ಹೊಡೆದು ಎಡಗಾಲಿನ ಬಲ ಉಡುಗಿತು. ನಡೆದಾಡುವಷ್ಟು ಚೇತರಿಸಿಕೊಂಡಳಾದರೂ, ಮಗ್ಗದ ಕೆಳಗಿನ ಹಲಗೆಗಳನ್ನು ಎರಡೂ ಕಾಲಿನಿಂದ ತುಳಿಯಲಾಗದೆ ಮಗ್ಗಕ್ಕೆ ಬಟ್ಟೆ ಹೊದಿಸಿ ಕುಳಿತುಬಿಟ್ಟಳು. ಹಿಂದಿನ ಗಾಲಿ ಎತ್ತಿ ನಿಲ್ಲಿಸಿದ ಸೈಕಲ್ಲನ್ನು ದಿನವೂ ತುಳಿದರೆ ಮತ್ತೆ ನೇಯಬಹುದು ಎಂದರು ವೈದ್ಯರು. ಯಾವ ವೇಗದಲ್ಲಿ ಎಂದು ಭಾವ ಕೇಳಿದ್ದಕ್ಕೆ ‘ಅವರಿಗೆ ಹಿತವಾದ ವೇಗದಲ್ಲಿ’ ಎಂದು ಉತ್ತರಿಸಿದರಂತೆ. ಇಂಥ ಅಸ್ಪಷ್ಟ ಉತ್ತರವನ್ನು ಮಾಸ್ತರನಾಗಿದ್ದ ನಾನು ಏಳನೆಯ ತರಗತಿಯ ಹುಡುಗರಿಂದಲೂ ಒಪ್ಪಿಕೊಂಡವನಲ್ಲ; ಭಾವನವರೂ ಒಪ್ಪಲಿಲ್ಲ. ಸರಿಯಾದ ವೇಗವನ್ನು ಮೊದಲು ತಾವು ಕಂಡುಹಿಡಿದು ಅನಂತರವೇ ಹೆಂಡತಿಯನ್ನು ಕೂರಿಸುವುದೆಂದು ನಿಶ್ಚಯಿಸಿ, ಹಳೆಯದೊಂದು ಗೇರ್ ಸೈಕಲ್ ತಂದರು. ಹೋಲಿಕೆಗೆ ಇನ್ನೊಂದು ಜೋಡಿ ಕಾಲು ಬೇಕಲ್ಲವೇ? ಶಾಲೆಯಿಂದ ನಿವೃತ್ತನಾಗಿ ಮನೆಯಲ್ಲಿದ್ದ ನನ್ನ ಕಾಲುಗಳೂ, ಗೇರಿಲ್ಲದ ನನ್ನ ಸೈಕಲ್ಲೂ ಸಿಕ್ಕಿಬಿದ್ದವು.

“ನಿಮಿಷಕ್ಕ ಎಪ್ಪತ್ತು ಸುತ್ತು. ಬಯಲಿರಲಿ, ಏರಿರಲಿ, ಗೇರ್ ಬದಲಾಗಬೇಕ್ರಿ ಮಾಸ್ತರ, ಕಾಲಿನ ತಾಳ ಬದಲಾಗಬಾರ್ದು. ಮಗ್ಗದಾಗ ಒಮ್ಮೆ ಜೋರ್, ಒಮ್ಮೆ ಮೆತ್ತಗ ತುಳದ್ರ ಸೀರಿ ಆಗತೈತೇನು?” ಎಂದರು ಭಾವ.

ಅಕ್ಕ ಹಗುರವಾದ ಗೇರಿನಿಂದಲೇ ಆರಂಭಿಸಬೇಕಾದ್ದರಿಂದ, ಸಮತಟ್ಟಾದ ಸವಡಿ ರಸ್ತೆಯಲ್ಲಿಯೂ ಅವರು ಅದೇ ಗೇರನ್ನು ಹಾಕಿದರು. ಕಾಲುಗಳು ಗಿರಗಿರ ತಿರುಗಿದವು, ಸೈಕಲ್ ತೆವಳಿತು. ಹೊಲದಲ್ಲಿದ್ದ ರೈತನೊಬ್ಬ ಕೂಗಿ ಕೇಳಿದ: “ಯಜಮಾನ್ರ, ಕಾಲು ಊರು ಮುಟ್ಟ್ಯಾವು, ಸೈಕಲ್ ಯಾವಾಗ ಬರ್ತೈತ್ರಿ?”

ನರಗುಂದದ ಬಯಲಿನಲ್ಲಿ ಎದುರುಗಾಳಿ ಬೀಸಿದಾಗ, ಗಾಳಿಯೂ ಒಂದು ಏರೇ ಎಂದು ಸಾರಿ ಗೇರ್ ಇಳಿಸಿದರು. ಇದರಲ್ಲಿ ತರ್ಕವಿತ್ತೆಂಬುದನ್ನು ಒಪ್ಪಬೇಕು. ನಿಜವಾದ ಏರು ಸಿಕ್ಕಿದ್ದು ಗಜೇಂದ್ರಗಡದ ಗುಡ್ಡದಲ್ಲಿ. ನಾನು ಎದ್ದು ನಿಂತು, ಶಕ್ತಿಮೀರಿ ಒದ್ದು ತುಳಿಯತೊಡಗಿದೆ.

“ಹಂಗ ಒದೀಬ್ಯಾಡ್ರಿ, ಹಾಸಿನ ಎಳಿ ಹರೀತಾವು.”

“ಇಲ್ಲೆಲ್ಲೈತ್ರಿ ಮಗ್ಗದ ಹಾಸು?”

“ನಿಮ್ಮ ಮೊಣಕಾಲಾಗ.”

ಎರಡನೆಯ ತಿರುವಿನಲ್ಲಿಯೇ ನಾನು ಮೊಣಕಾಲು ಹಿಡಿದು ಕಲ್ಲಿನ ಮೇಲೆ ಕುಳಿತಿದ್ದೆ. ಭಾವನವರು ಅದೇ ತಾಳದಲ್ಲಿ ನನ್ನನ್ನು ದಾಟಿ ಹೋದರು. ನಿಂತು ವಿಚಾರಿಸಬಾರದೇ? ಎಣಿಕೆ ತಪ್ಪಬಾರದಲ್ಲ! “ನಲವತ್ತಾರು, ನೀರು ಕುಡೀರಿ, ನಲವತ್ತೇಳು” ಎನ್ನುತ್ತ ಮರೆಯಾದರು.

ಹೀಗೆ ತಿಂಗಳು ಕಳೆಯಿತು. ಅಕ್ಕ ಮಾತ್ರ ಇನ್ನೂ ಸೈಕಲ್ ಹತ್ತಿರಲಿಲ್ಲ. “ಕಾಲು ಬಿದ್ದದ್ದು ನಂದು, ಊರೂರು ತಿರಗಾಡಾವ್ರು ನೀವು” ಎಂದಳು. ಮರುದಿನ ಭಾವ ಹಿಟ್ಟಿನ ಗಿರಣಿಯ ಇಳಿಜಾರನ್ನೂ ಪರೀಕ್ಷಿಸಬೇಕೆಂದಾಗ ನನ್ನ ತಾಳ್ಮೆ ಮುಗಿಯಿತು. “ಇನ್ನೇನು ಉಳದೈತಿ ಪರೀಕ್ಷಾ ಮಾಡಾಕ?” ಎಂದು ಗದರಿದೆ.

ಅವರು ಸೈಕಲ್ಲಿನ ಹಿಡಿಯನ್ನು ಒರೆಸುತ್ತ ನಿಂತರು. “ಹತ್ತಿಸಿದ ಮ್ಯಾಲೆ ಆಕಿ ಕಾಲು ಏಳಲಿಲ್ಲಂದ್ರ, ಮಾಸ್ತರ? ಈಗ ಆಕಿಗೆ ಒಂದು ಆಶಾನರ ಐತಿ.”

ಉತ್ತರ ಮನೆಯೊಳಗಿನಿಂದ ಬಂತು. ಗೋಡೆ ಹಿಡಿದುಕೊಂಡು ಅಕ್ಕನೇ ಬಂದಳು. “ಹಿಡೀರಿ ನನ್ನ” ಎಂದಳು.

ಹಿಂದಿನ ಗಾಲಿಯನ್ನು ಎತ್ತಿ ನಿಲ್ಲಿಸಿದೆವು. ಎಡಪಾದ ಜಾರದಂತೆ ಭಾವ ಹಳೆಯ ಸೀರೆಯ ಪಟ್ಟಿಯಿಂದ ಅದನ್ನು ಪೆಡಲಿಗೆ ಕಟ್ಟಿದರು. ಸುತ್ತಿನ ಲೆಕ್ಕಕ್ಕೆ ನಾನು ಕೈಗಡಿಯಾರ ನೋಡುತ್ತ ನಿಂತೆ. “ಒಂದು” ಎಂದರು ಭಾವ. ಬಲಗಾಲು ಇಳಿಯಿತು. ಎಡಗಾಲು ಮೇಲೇರಿ, ಅಲ್ಲಿಯೇ ನಡುಗುತ್ತ ನಿಂತಿತು. ಗುಡ್ಡದ ಏರಿನಲ್ಲಿ ನನಗಾಗಿ ಅರೆಗಳಿಗೆ ನಿಲ್ಲದಿದ್ದ ಆ ಮನುಷ್ಯ, ತುಟಿಯವರೆಗೆ ಬಂದ ‘ಎರಡು’ ಎಂಬುದನ್ನು ಬಾಯಲ್ಲಿಯೇ ಹಿಡಿದುಕೊಂಡು, ಉಸಿರನ್ನೂ ಬಿಡದೆ ಕಾದರು. ನಾನು ಗಡಿಯಾರದಿಂದ ಕಣ್ಣು ತೆಗೆದೆ.

“ಏನ್ರಿ,” ಎಂದಳು ಅಕ್ಕ, ಹಣೆಯ ಬೆವರಿನೊಳಗಿಂದ ನಗುತ್ತ, “ಎಣಸೂದು ಮರತ್ರೇನು? ಕಾಲು ಇಳ್ಯಾಕತ್ತೈತಿ, ನೋಡ್ರಿ ಇಲ್ಲೆ.”