ತುಪ್ಪಕ್ಕೆ ಅಡ್ಡ ಹಿಡಿದ ಕೈ

ಬೇಡ ಎನ್ನುವುದು ಬಾಯಿಯ ಕೆಲಸವೆಂದು ತಿಳಿದವರು ನಮ್ಮ ಅರಸೀಕೆರೆ ಕಡೆ ಊಟಕ್ಕೆ ಕೂತವರಲ್ಲ. ಇಲ್ಲಿ ಬೇಡ ಎನ್ನುವುದು ಕೈ. ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಬಡಿಸುವವರು ಅದನ್ನು ನಂಬದೆ ಸುರಿಯಬೇಕು. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಈ ವಿದ್ಯೆಯಲ್ಲಿ ನಾನು ಪಳಗಿದವನು. ಅಂಗೈಯನ್ನೇನೋ ಅಡ್ಡ ಹಿಡಿಯುತ್ತೇನೆ, ಆದರೆ ಬೆರಳುಗಳನ್ನು ಅಗಲಿಸಿರುತ್ತೇನೆ. ತುಪ್ಪ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆ ಬಂದ ಮೇಲೆ ಕಾಫಿಗೆ ಸಕ್ಕರೆ ಬಿಟ್ಟೆ, ಹೋಳಿಗೆ ಕಂಡರೆ ಮುಖ ತಿರುಗಿಸಿದೆ. ಆದರೆ ತುಪ್ಪವೇನು ಸಿಹಿಯೇ? ಕೊಬ್ಬರಿ ಸಿಹಿಯೇ? ಹೀಗೆಂದುಕೊಂಡು ಸಕ್ಕರೆ ಬಿಟ್ಟ ದುಃಖವನ್ನೆಲ್ಲ ತುಪ್ಪದಲ್ಲಿ ಮರೆಯುತ್ತಿದ್ದೆ. ಒಂದು ದಿನ ಡಾಕ್ಟರು ರಿಪೋರ್ಟು ನೋಡಿ, "ಶುಗರ್ ಇರೋರಿಗೆ ಹಾರ್ಟಿನ ಭಯ ಮೊದ್ಲೇ ಜಾಸ್ತಿ ರೀ. ಅದರ ಮೇಲೆ ಈ ಕೊಲೆಸ್ಟ್ರಾಲ್ ಬೇರೆ. ಮಾತ್ರೆ ಕೊಡ್ತೀನಿ, ತುಪ್ಪ ಕೊಬ್ಬರಿಗೆ ನೀವೇ ಕಡಿವಾಣ ಹಾಕ್ಬೇಕು" ಎಂದರು. ಹೆಂಡತಿ ಸುಧಾಳ ಮುಖ ಬಿಳಿಚಿಕೊಂಡಿತು. ಅವಳಪ್ಪನಿಗೂ ಸಕ್ಕರೆ ಇತ್ತು, ಅವರು ಹೋದದ್ದು ಹೃದಯದ ತೊಂದರೆಯಿಂದಲೇ. ನನಗೂ ನಿಜವಾಗಿ ಭಯವಾಯಿತು. ಆ ಭಯ ಜಾವಗಲ್‌ನ ಅತ್ತೆ ಮನೆಯಲ್ಲಿ ಊಟಕ್ಕೆ ಕೂರುವ ತನಕ ಬಾಳಿತು.

ನಮ್ಮತ್ತೆ ಹಸು ಕಟ್ಟಿ, ತಾವೇ ಬೆಣ್ಣೆ ಕಾಯಿಸಿ, ಅಳಿಯನ ಎಲೆಗೆ ಕೈ ಬಿಚ್ಚಿ ಬಡಿಸುವವರು. ಅಂದು ಬಿಸಿ ಮುದ್ದೆ, ಅವರೆಕಾಳು ಸಾರು. ಪಕ್ಕದಲ್ಲಿದ್ದ ಬಾವಮೈದುನನ ಮುದ್ದೆಗೆ ತುಪ್ಪ ಬಡಿಸಿ ನನ್ನತ್ತ ಬಂದರು. "ಬೇಡ ಅತ್ತೆ, ಡಾಕ್ಟ್ರು ಬೈತಾರೆ" ಎಂದು ಕೈ ಅಡ್ಡ ಹಿಡಿದೆ. ಬೆರಳುಗಳು ತಮ್ಮ ಪಾಡಿಗೆ ಅಗಲವಾದವು.

ಅತ್ತೆ ಸುರಿಯಲಿಲ್ಲ. ಬೆರಳುಗಳನ್ನೇ ನೋಡಿದರು.

"ಬೆರಳು ಕೂಡಿಸ್ಕಳಿ ಅಳಿಯಂದ್ರೇ. ಸುಧಾ ಎಲ್ಲಾ ಹೇಳವ್ಳೆ. ನಿಮ್ಮಾವ್ನೋರೂ ಹಿಂಗೇ ಅಗಲಿಸ್ತಿದ್ರು, ನಾನೂ ನಗ್ತಾ ನಗ್ತಾ ಬಡಿಸ್ದೆ. ಇನ್ನೊಂದ್ಸಲ ಆ ಕೆಲ್ಸ ಮಾಡಾಕಿಲ್ಲ ಕಣಪ್ಪಾ."

ತುಪ್ಪ ಒಳಗೆ ಹೋಯಿತು, ಸೊಪ್ಪಿನ ಪಲ್ಯ ಹೊರಗೆ ಬಂತು. ಜೀವಮಾನವಿಡೀ ಬಡಿಸಿಯೇ ಪ್ರೀತಿ ತೋರಿಸಿದ ಕೈ ಅದು. ಬಡಿಸದೆ ಹಿಂದಕ್ಕೆ ಹೋಗಲು ಅದಕ್ಕೆಷ್ಟು ಗಟ್ಟಿತನ ಬೇಕಾಗಿತ್ತೋ! ಅಂಥ ಅತ್ತೆಯನ್ನು ಪಡೆದದ್ದು ನನ್ನ ಪುಣ್ಯ. ಕಣ್ಣು ತುಂಬಿ ಬಂತು. ತುಪ್ಪಕ್ಕಾಗಿ ಅಳುತ್ತಿದ್ದೇನೆಂದು ಸುಧಾ ಅನುಮಾನಪಟ್ಟಳು.

ಮುಂದಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. "ಭೇಷ್, ಚೆನ್ನಾಗಿ ಬಾಯಿ ಕಟ್ಟಿದ್ದೀರಿ!" ಎಂದರು ಡಾಕ್ಟರು. "ಹೆಚ್ಚೇನಿಲ್ಲ ಡಾಕ್ಟ್ರೇ, ಎಲ್ಲ ಮನಸ್ಸಿನ ಹಿಡಿತ" ಎಂದು ವಿನಯದಿಂದ ಕೈ ಅಡ್ಡ ಹಿಡಿದೆ. ಪಕ್ಕದಲ್ಲಿ ಕೂತಿದ್ದ ಸುಧಾ ನನ್ನ ಕೈಯನ್ನೇ ನೋಡಿದಳು. ತಟ್ಟನೆ ಬೆರಳು ಕೂಡಿಸಿಕೊಂಡೆ.